ಮೌನದ ಸಭೆ, ಜಪ್ತಿಯ ಪಟ್ಟಿ

ಊರು ಬಿಟ್ಟು ಹೊರಟವರು ಗಾಡಿಗೆ ಏನೇನು ಹೇರಿದರು ಎಂದು ನೋಡಿದರೆ ಅವರು ಎಂಥ ಜನ ಎಂಬುದು ಅರ್ಧ ತಿಳಿಯುತ್ತದೆ. ಒರಳು, ಹಂಡೆ, ಅಕ್ಕಿಮುಡಿ, ದೇವರ ಪೆಟ್ಟಿಗೆ, ಬಟ್ಟೆಯಲ್ಲಿ ಸುತ್ತಿದ ಜಮೀನಿನ ಕಾಗದ. ಕಾರವಾರ ತಾಲ್ಲೂಕಿನ ತೋಡೂರಿನಲ್ಲಿ ಹಾಗೆ ಬಂದು ಸಾಮಾನು ಇಳಿಸಿಕೊಂಡವರ ಕಾಲೊನಿಯೇ ಇದೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ, ಕಡಲತಡಿ ಬಿಟ್ಟುಕೊಟ್ಟ ಕುಟುಂಬಗಳು ಅವು. ಇದೇ ನೋಟವನ್ನು ಇನ್ನೂರು ವರ್ಷ ಹಿಂದಕ್ಕೆ, ಅಮೆರಿಕದ ಕಾಡುದಾರಿಗೆ ಒಯ್ಯೋಣ. ಕರೋಲಿನಾ ಸೀಮೆಯಿಂದ ಓಹಾಯೊ ನದಿಯ ಆಚೆಗೆ ಹೊರಟ ಒಂದು ಕುದುರೆಗಾಡಿ. ಹಾಸಿಗೆ, ಬಿತ್ತನೆ ಬೀಜ, ಕೊಡಲಿ, ಮಕ್ಕಳು. ಇವೆಲ್ಲದರ ಜೊತೆಗೆ, ಮಳೆಗೆ ನೆನೆಯದ ಹಾಗೆ ಜೋಪಾನವಾಗಿ ಮಡಚಿಟ್ಟ ಒಂದು ಹಾಳೆ. ಈ ಕುಟುಂಬ ನಮ್ಮ ಸಭೆಗೆ ಸೇರಿದ್ದು, ನಡತೆ ನೆಟ್ಟಗಿದೆ, ಕೊಡುಕೊಳ್ಳುವ ವ್ಯವಹಾರ ಚುಕ್ತಾ ಆಗಿದೆ, ನಿಮ್ಮ ಸಭೆಗೆ ಸೇರಿಸಿಕೊಳ್ಳಿ ಎಂಬ ಒಕ್ಕಣೆ ಅದರಲ್ಲಿದೆ. ಬಿಟ್ಟುಬಂದ ಊರಿನ ಕ್ವೇಕರ್ ಸಭೆ ಹೋಗಿ ಸೇರುವ ಊರಿನ ಕ್ವೇಕರ್ ಸಭೆಗೆ ಬರೆದ ಪತ್ರ ಅದು.

ಕ್ವೇಕರರ ಹೆಸರು ಬಂದಾಗಲೆಲ್ಲ ನಾವು ಕೇಳುವುದು ಅವರ ಅಂತರಂಗದ ಬೆಳಕು, ಅಹಿಂಸೆ, ಸರಳ ಬದುಕಿನ ಮಾತು. ಅವೆಲ್ಲ ನಿಜವೇ. ಆದರೆ ಕಾಡಿನ ಅಂಚಿನಲ್ಲಿ, ಪೊಲೀಸು ಪಹರೆ ಇಲ್ಲದ ಜಾಗದಲ್ಲಿ, ಸುತ್ತಲಿನವರೆಲ್ಲ ಬಂದೂಕು ಹಿಡಿದಿದ್ದಾಗ ಇವರು ಬಂದೂಕು ಹಿಡಿಯದೆ ಬಾಳಿದ್ದು ಬರೀ ಒಳಗಿನ ಬೆಳಕಿನಿಂದಲ್ಲ. ಅದನ್ನು ಆಗಮಾಡಿದ್ದು ಆ ಹಾಳೆ, ಅದರ ಹಿಂದಿದ್ದ ಸಭೆ, ಸಭೆಯ ನಡಾವಳಿ ಪುಸ್ತಕ. ಒಬ್ಬನ ಆತ್ಮಸಾಕ್ಷಿ ಒಂದು ದಿನ ತಡೆದೀತು. ವರ್ಷಗಟ್ಟಲೆ ತಡೆಯಬೇಕಾದರೆ ಬೆನ್ನಿಗೊಂದು ಕೂಟ ಬೇಕು. ಈ ಮಾತಿಗೆ ಅಮೆರಿಕದ ಸಾಕ್ಷ್ಯ ಎಷ್ಟು ಗಟ್ಟಿಯೋ, ಕರನಿರಾಕರಣೆ ನಡೆದ ನಮ್ಮ ಅಂಕೋಲೆಯ ಸಾಕ್ಷ್ಯವೂ ಅಷ್ಟೇ ಗಟ್ಟಿ.

ಡಬ್ಬಿಯ ಮೇಲಿನ ಟೋಪಿಯವನು

ನಮ್ಮಲ್ಲಿ ಬಹುಪಾಲು ಜನ ಕ್ವೇಕರ್ ಎಂಬ ಶಬ್ದ ಓದಿರುವುದು ಓಟ್ಸ್ ಡಬ್ಬಿಯ ಮೇಲೆ. ಆ ಕಂಪನಿಗೂ ಈ ಪಂಥಕ್ಕೂ ಸಂಬಂಧವಿಲ್ಲ. ಕ್ವೇಕರ್ ಎಂದರೆ ತೂಕದಲ್ಲಿ ಮೋಸ ಮಾಡದವನು ಎಂಬ ಹೆಸರಿತ್ತು, ಅದನ್ನು ವ್ಯಾಪಾರ ಎರವಲು ತಂದುಕೊಂಡಿತು. ಪಂಥ ಹುಟ್ಟಿದ್ದು ಹದಿನೇಳನೆಯ ಶತಮಾನದ ನಡುವಿನಲ್ಲಿ, ಇಂಗ್ಲೆಂಡಿನಲ್ಲಿ. ಜಾರ್ಜ್ ಫಾಕ್ಸ್ ಎಂಬಾತ, ದೇವರ ಬೆಳಕು ಪ್ರತಿ ಮನುಷ್ಯನೊಳಗೂ ಇರುವಾಗ ನಡುವೆ ಪಾದ್ರಿ ಯಾಕೆ ಎಂದು ಕೇಳಿದ. ಪಾದ್ರಿ ಹೋದ ಮೇಲೆ ಚರ್ಚಿನ ಕರ ಹೋಯಿತು, ಪ್ರವಚನ ಹೋಯಿತು, ಸಂಗೀತ ಹೋಯಿತು. ಉಳಿದದ್ದು ಬೆಂಚುಗಳು ಮತ್ತು ಮೌನ. ಯಾರಿಗೆ ಒಳಗಿನಿಂದ ಮಾತು ಬಂತೋ ಅವರು ಎದ್ದು ಆಡಬೇಕು. ಅದು ಹೆಂಗಸಾಗಿರಬಹುದು, ಕೂಲಿಯವನಾಗಿರಬಹುದು. ತಮ್ಮನ್ನು ಅವರು ಕರೆದುಕೊಂಡದ್ದು ಸ್ನೇಹಿತರು ಎಂದು. ಕ್ವೇಕರ್, ಎಂದರೆ ನಡುಗುವವ, ಎನ್ನುವುದು ಆಡಿಕೊಳ್ಳುವವರು ಇಟ್ಟ ಹೆಸರು.

ಅವರ ಆಚರಣೆಗಳಲ್ಲಿ ಕನ್ನಡಿಗರಿಗೆ ಥಟ್ಟನೆ ತಿಳಿಯುವಂಥದ್ದು ಒಂದಿದೆ. ಆಗಿನ ಇಂಗ್ಲಿಷಿನಲ್ಲೂ ನಮ್ಮ ಹಾಗೆ ನೀನು, ನೀವು ಎಂಬ ಭೇದವಿತ್ತು. ದೊಡ್ಡವರಿಗೆ ಬಹುವಚನ, ಚಿಕ್ಕವರಿಗೆ ಏಕವಚನ. ಕ್ವೇಕರರು ಎಲ್ಲರಿಗೂ ನೀನು ಎಂದರು. ಸಾಹುಕಾರನಿಗೂ ನೀನು, ನ್ಯಾಯಾಧೀಶನಿಗೂ ನೀನು, ಟೋಪಿ ತೆಗೆಯುವುದಂತೂ ಇಲ್ಲ. ಮಾಮಲೇದಾರರ ಕಚೇರಿಗೆ ಹೋಗಿ ಮುಂಡಾಸು ಬಿಚ್ಚದೆ ಏಕವಚನದಲ್ಲಿ ಮಾತಾಡಿದ್ದರೆ ನಮ್ಮಲ್ಲಿ ಏನಾಗುತ್ತಿತ್ತೋ ಅಲ್ಲಿ ಅದಕ್ಕಿಂತ ಹೆಚ್ಚೇ ಆಯಿತು. ಕೋರ್ಟಿನಲ್ಲಿ ಪ್ರಮಾಣ ಮಾಡಲೂ ಒಲ್ಲೆವೆಂದರು: ಪ್ರಮಾಣ ಮಾಡಿದಾಗ ಮಾತ್ರ ನಿಜ ಹೇಳುವೆನೆಂದರೆ ಉಳಿದ ಹೊತ್ತು ಸುಳ್ಳು ಹೇಳುವೆನೆಂದಾಯಿತಲ್ಲ. ಸಾವಿರಾರು ಜನ ಜೈಲು ಸೇರಿದರು. ಅಮೆರಿಕಕ್ಕೆ ಹಡಗು ಹತ್ತಿದವರಿಗೂ ಮೊದಲು ಸಿಕ್ಕಿದ್ದು ನೇಣು. ಬಾಸ್ಟನ್ನಿನ ಪ್ಯೂರಿಟನ್ ಆಡಳಿತ 1659ರಿಂದ 1661ರ ನಡುವೆ ನಾಲ್ವರನ್ನು ಗಲ್ಲಿಗೇರಿಸಿತು. ಅವರಲ್ಲಿ ಮೇರಿ ಡೈಯರ್ ಎಂಬ ಹೆಂಗಸೂ ಒಬ್ಬಳು.

ಕಾಡಿನ ಅಂಚಿನ ಸಭೆ

1681ರಲ್ಲಿ ಇಂಗ್ಲೆಂಡಿನ ದೊರೆ, ತನ್ನ ಮೇಲಿದ್ದ ಹಳೆಯ ಸಾಲದ ಲೆಕ್ಕದಲ್ಲಿ, ವಿಲಿಯಂ ಪೆನ್ ಎಂಬ ಕ್ವೇಕರನಿಗೆ ಅಮೆರಿಕದಲ್ಲಿ ಒಂದು ಸೀಮೆಯನ್ನೇ ಬರೆದುಕೊಟ್ಟ. ಅದು ಪೆನ್ಸಿಲ್ವೇನಿಯಾ. ಅಲ್ಲಿ ಯಾವ ಧರ್ಮದವನೂ ಬಾಳಬಹುದಿತ್ತು, ಸೈನ್ಯವಿರಲಿಲ್ಲ. ಅಲ್ಲಿಂದ ಕ್ವೇಕರ್ ಕುಟುಂಬಗಳು ಒಳನಾಡಿಗೆ ಹಬ್ಬಿದವು: 1730ರ ದಶಕದಲ್ಲಿ ವರ್ಜೀನಿಯಾದ ಹೋಪ್‌ವೆಲ್, ಶತಮಾನದ ನಡುವಿಗೆ ಉತ್ತರ ಕರೋಲಿನಾದ ನ್ಯೂ ಗಾರ್ಡನ್, 1800ರ ಆಚೆಗೆ ಓಹಾಯೊ ಮತ್ತು ಇಂಡಿಯಾನಾ. ಇಂಥ ಊರುಗಳನ್ನೇ ಗಡಿಸೀಮೆ ಎನ್ನುವುದು. ವಲಸೆಗಾರರ ಹೊಲ ಮುಗಿದು ಕಾಡು ಶುರುವಾಗುವ ಅಂಚು. ಕಾಡು ಯಾರದೂ ಅಲ್ಲದ್ದೇನಾಗಿರಲಿಲ್ಲ, ಆ ಮಾತಿಗೆ ಮುಂದೆ ಬರೋಣ.

ಮರದ ದಿಮ್ಮಿಗಳ ನಾಲ್ಕು ಮನೆ ಎದ್ದರೆ ಸಾಕು, ಅಲ್ಲೊಂದು ಸಭೆ ಕೂಡುತ್ತಿತ್ತು. ವಾರಕ್ಕೊಮ್ಮೆ ಮೌನ ಪ್ರಾರ್ಥನೆ, ತಿಂಗಳಿಗೊಮ್ಮೆ ವ್ಯವಹಾರದ ಸಭೆ. ಹತ್ತಿರದ ಮಾಸಿಕ ಸಭೆಗಳು ಸೇರಿ ತ್ರೈಮಾಸಿಕ ಸಭೆ, ಅವೆಲ್ಲ ಸೇರಿ ವಾರ್ಷಿಕ ಸಭೆ. ಗಂಡಸರದೇ ಬೇರೆ, ಹೆಂಗಸರದೇ ಬೇರೆ ವ್ಯವಹಾರ ಸಭೆ. ನಡುವೆ ಮರದ ತಡಿಕೆ. ಓಹಾಯೊದ ಮೌಂಟ್ ಪ್ಲೆಸೆಂಟ್ ಎಂಬಲ್ಲಿ 1814ರಲ್ಲಿ ಕಟ್ಟಿದ ಸಭಾಮನೆ ಇಂದಿಗೂ ನಿಂತಿದೆ. ಸುಮಾರು ಎರಡು ಸಾವಿರ ಜನ ಕೂರುವ ಆ ಕಟ್ಟಡದ ತಡಿಕೆಯನ್ನು ಅಟ್ಟದ ಮೇಲಿನ ಉರುಳೆಗೆ ಸುತ್ತಿ ಮೇಲೆತ್ತುವ ಏರ್ಪಾಡಿದೆ. ಹೆಂಗಸರು ತಮ್ಮ ಲೆಕ್ಕ, ತಮ್ಮ ನಡಾವಳಿ ತಾವೇ ಬರೆಯುತ್ತಿದ್ದರು. ಆ ಕಾಲದಲ್ಲಿ ಬೇರೆಲ್ಲೂ ಹೆಂಗಸರಿಗೆ ಸುಲಭಕ್ಕೆ ಸಿಗದ ಅಧಿಕಾರವದು.

ಸಭೆಯಲ್ಲಿ ಮತ ಎಣಿಸುತ್ತಿರಲಿಲ್ಲ. ಒಬ್ಬ ಬರಹಗಾರನಿರುತ್ತಿದ್ದ; ಎಲ್ಲರ ಮಾತು ಕೇಳಿ ಸಭೆಯ ಒಲವು ಇಂಥದು ಎಂದು ಅವನು ಬರೆದು ಓದಬೇಕು. ಒಪ್ಪದವರಿದ್ದರೆ ವಿಷಯ ಮುಂದಿನ ತಿಂಗಳಿಗೆ. ಇದು ಕೆಲಸ ಕೆಡಿಸುವ ರೀತಿ ಎನಿಸಬಹುದು, ನಿಧಾನವಂತೂ ಹೌದು. ಆದರೆ ಹಾಗೆ ಆದ ತೀರ್ಮಾನ ಯಾರೋ ಹೇರಿದ್ದಾಗಿರುವುದಿಲ್ಲ, ಆದ್ದರಿಂದ ಕಷ್ಟ ಬಂದಾಗ ಕೈಬಿಡುವುದು ಕಷ್ಟ. ಸಭೆ ಕೈಹಾಕದ ವಿಷಯವಿರಲಿಲ್ಲ. ಮದುವೆಯಾಗುವವರು ಎರಡು ತಿಂಗಳ ಸಭೆಯಲ್ಲಿ ಎದ್ದು ತಮ್ಮ ಇರಾದೆ ಹೇಳಬೇಕು. ಸಾಲ ಹೆಚ್ಚಾದವನ ಮನೆಗೆ ಇಬ್ಬರು ಹಿರಿಯರು ಹೋಗಿ ವಿಚಾರಿಸುತ್ತಾರೆ. ಕುಡಿದವನಿಗೆ, ಕುದುರೆ ಪಂದ್ಯ ಕಟ್ಟಿದವನಿಗೆ ಎಚ್ಚರಿಕೆ. ಬಡವನ ಹೊಲ ಬಿತ್ತಲು ಕೈ ಸೇರಿಸುವುದೂ ಸಭೆಯೇ. ಮಾತು ಕೇಳದವನನ್ನು ಸಭೆಯಿಂದ ಹೊರಗೆ ಹಾಕುವುದೂ ಇತ್ತು. ಅಂಕೋಲೆ, ಕಾರವಾರ ಸೀಮೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳನ್ನು ಬಲ್ಲವರಿಗೆ ಇದು ತೀರ ಹೊಸದೇನಲ್ಲ. ಗೌಡ, ಬುದವಂತ, ಕೋಲಕಾರ ಇದ್ದು ನ್ಯಾಯ ಹೇಳುವ ಅಲ್ಲಿನ ಕೂಟದಲ್ಲಿ ಹುದ್ದೆಗಳು ಮನೆತನದ ಮೇಲೆ ನಡೆದುಬರುತ್ತವೆ, ಕ್ವೇಕರರಲ್ಲಿ ಹಾಗಿರಲಿಲ್ಲ. ಊರೇ ಒಬ್ಬನ ಬೆನ್ನಿಗೆ ನಿಲ್ಲುವ, ಊರೇ ಒಬ್ಬನನ್ನು ಹೊರಗಿಡುವ ಬಗೆ ಮಾತ್ರ ಎರಡೂ ಕಡೆ ಒಂದೇ.

ಕೊಡೆವು ಎಂದವರು

ಇಂಥ ಸಭೆ ಏನು ಮಾಡಬಲ್ಲದು ಎಂಬುದಕ್ಕೆ ಪರೀಕ್ಷೆ ಬಂದದ್ದು 1755ರಲ್ಲಿ. ಫ್ರೆಂಚರ ಜೊತೆ ಯುದ್ಧ ಶುರುವಾಗಿ ಪೆನ್ಸಿಲ್ವೇನಿಯಾದ ಅಂಚಿನ ಹಳ್ಳಿಗಳು ಉರಿಯುತ್ತಿದ್ದವು. ಶಾಸನಸಭೆ ಯುದ್ಧದ ಖರ್ಚಿಗೆ ಕರ ಹಾಕಿತು. ಆ ಶಾಸನಸಭೆಯಲ್ಲಿ ಕ್ವೇಕರರೇ ಪ್ರಬಲರು! ಆಗ ಜಾನ್ ವುಲ್‌ಮನ್ ಎಂಬ ಕ್ವೇಕರ್ ಮತ್ತು ಅವನ ಸಂಗಡಿಗರು, ಈ ಕರ ನಮ್ಮಿಂದ ಕೊಡಲಾಗದು ಎಂದು ಸಹಿ ಹಾಕಿ ತಮ್ಮ ಪಂಥದವರಿಗೆ ಪತ್ರ ಬರೆದರು. ಮರುವರ್ಷ ಆರು ಮಂದಿ ಕ್ವೇಕರ್ ಸದಸ್ಯರು ಶಾಸನಸಭೆ ಬಿಟ್ಟು ಎದ್ದರು. ಅಧಿಕಾರ ಬಿಟ್ಟರು, ನೇಮ ಉಳಿಸಿಕೊಂಡರು. ಇಪ್ಪತ್ತು ವರ್ಷದ ನಂತರ ಸ್ವಾತಂತ್ರ್ಯ ಯುದ್ಧ ಬಂದಾಗ ಇದೇ ಪಾಠ ಮತ್ತೆ. ಸೈನ್ಯಕ್ಕೆ ಸೇರಲಿಲ್ಲ, ಯುದ್ಧದ ಕರ ಕೊಡಲಿಲ್ಲ. ಹಸು, ಗೋಧಿ ಚೀಲ, ತಾಮ್ರದ ಪಾತ್ರೆ ಜಪ್ತಿಯಾದವು. 1777ರಲ್ಲಿ ಫಿಲಡೆಲ್ಫಿಯಾದ ಸುಮಾರು ಇಪ್ಪತ್ತು ಜನರನ್ನು, ಹೆಚ್ಚಿನವರು ಕ್ವೇಕರರೇ, ವಿಚಾರಣೆಯಿಲ್ಲದೆ ವರ್ಜೀನಿಯಾದ ವಿಂಚೆಸ್ಟರಿಗೆ ಗಡಿಪಾರು ಮಾಡಿದರು. ಇಬ್ಬರು ಅಲ್ಲೇ ತೀರಿಕೊಂಡರು. ಉಳಿದವರಿಗೆ ಆಸರೆ ಕೊಟ್ಟವರಲ್ಲಿ ಹತ್ತಿರದ ಹೋಪ್‌ವೆಲ್ ಸಭೆಯವರಿದ್ದರು.

ವುಲ್‌ಮನ್‌ನಂಥ ಒಬ್ಬೊಬ್ಬರು ಇಲ್ಲದಿದ್ದರೆ ಸಭೆ ಏನು ಮಾಡುತ್ತಿತ್ತು, ಎಲ್ಲ ಶುರುವಾಗುವುದು ಒಬ್ಬನಿಂದಲೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಶುರುವಾಗುವುದು ಒಬ್ಬನಿಂದಲೇ, ಒಪ್ಪೋಣ. ಗುಲಾಮಗಿರಿಯ ಕತೆಯನ್ನೇ ತೆಗೆದುಕೊಳ್ಳಿ. ಮನುಷ್ಯರನ್ನು ಕೊಂಡು ಮಾರುವುದು ತಪ್ಪು ಎಂದು ಜರ್ಮನ್‌ಟೌನ್ ಎಂಬಲ್ಲಿನ ನಾಲ್ವರು 1688ರಲ್ಲೇ ಬರೆದು ಸಭೆಗೆ ಕೊಟ್ಟರು. ಮಾಸಿಕ ಸಭೆ ಅದನ್ನು ತ್ರೈಮಾಸಿಕಕ್ಕೆ, ತ್ರೈಮಾಸಿಕ ಸಭೆ ವಾರ್ಷಿಕಕ್ಕೆ ದಾಟಿಸಿತು. ವಾರ್ಷಿಕ ಸಭೆ ಬದಿಗಿಟ್ಟಿತು. ಏಕೆಂದರೆ ಸಭೆಯ ಮುಂದಿನ ಬೆಂಚುಗಳಲ್ಲಿ ಕೂತವರ ಮನೆಯಲ್ಲೇ ಗುಲಾಮರಿದ್ದರು. ನಾಲ್ವರ ಆತ್ಮಸಾಕ್ಷಿ ಎಪ್ಪತ್ತು ವರ್ಷ ಕಡತದಲ್ಲಿ ಮಲಗಿತು. ಆಮೇಲೆ ವುಲ್‌ಮನ್ ಬಂದು ಸಭೆಯಿಂದ ಸಭೆಗೆ, ಮನೆಯಿಂದ ಮನೆಗೆ ಹೋಗಿ, ಗುಲಾಮರಿಂದ ಉಪಚಾರ ಮಾಡಿಸಿಕೊಂಡರೆ ಅವರಿಗೆ ಕೂಲಿ ಕೊಟ್ಟು, ಯಜಮಾನರ ಜೊತೆ ಮೆಲ್ಲಗೆ ಮಾತಾಡಿದ. 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ ಅಲುಗಿತು; 1776ರಲ್ಲಿ ಗುಲಾಮರನ್ನು ಬಿಡದವರಿಗೆ ಸಭೆಯಲ್ಲಿ ಜಾಗವಿಲ್ಲವೆಂದಿತು. ಒಬ್ಬನ ಮಾತು ನೇಮವಾದ ಮೇಲೆ ಅದು ಅವನಿಲ್ಲದೆಯೂ ನಡೆಯಿತು. ವುಲ್‌ಮನ್ 1772ರಲ್ಲೇ ತೀರಿಕೊಂಡಿದ್ದ.

ನೇಮಕ್ಕೆ ಕಾಲು ಬಂದದ್ದು ಗಡಿಸೀಮೆಯಲ್ಲಿ. ಗುಲಾಮಗಿರಿಯ ನೆಲದಲ್ಲಿ ಇರಲಾರೆವೆಂದು ದಕ್ಷಿಣದ ಕ್ವೇಕರರು 1800ರ ನಂತರ ಓಹಾಯೊ ನದಿ ದಾಟಿದರು. ಅದರ ಉತ್ತರಕ್ಕೆ ಗುಲಾಮಗಿರಿಯನ್ನು 1787ರ ಕಾನೂನು ನಿಷೇಧಿಸಿತ್ತು. ದಕ್ಷಿಣ ಕರೋಲಿನಾದ ಬುಷ್ ರಿವರ್ ಸಭೆ ಹೆಚ್ಚುಕಡಿಮೆ ಖಾಲಿಯೇ ಆಯಿತು. ಲೆವೈ ಕಾಫಿನ್ ಎಂಬ ವ್ಯಾಪಾರಿ 1826ರಲ್ಲಿ ನ್ಯೂ ಗಾರ್ಡನ್ನಿನಿಂದ ಇಂಡಿಯಾನಾದ ನ್ಯೂಪೋರ್ಟಿಗೆ ಬಂದ. ಅವನ ಮನೆ ಓಡಿಬಂದ ಗುಲಾಮರು ರಾತ್ರಿ ತಂಗುವ ಠಾಣೆಯಾಯಿತು.

ಒಂದು ಪತ್ರ, ಒಂದು ಪೊಟ್ಟಣ ಉಪ್ಪು

ಇಷ್ಟು ದೂರದ ಕತೆ ಅಂಕೋಲೆಗೆ ಬಂದು ಮುಟ್ಟುವುದು ಒಂದು ಲಕೋಟೆಯ ಮೂಲಕ. 1930ರ ಮಾರ್ಚ್ 2ರಂದು ಗಾಂಧೀಜಿ, ಉಪ್ಪಿನ ಕಾಯಿದೆ ಮುರಿಯುವೆನೆಂದು ವೈಸರಾಯ್ ಇರ್ವಿನ್‌ಗೆ ಪತ್ರ ಬರೆದರು. ಅದನ್ನು ದೆಹಲಿಗೆ ಒಯ್ದು ಕೊಟ್ಟವನು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಕ್ವೇಕರ್ ತರುಣ. ಆ ಪತ್ರಕ್ಕೆ ಸಿಕ್ಕ ಉತ್ತರ ದಾಂಡಿಗೆ ದಾರಿ ಮಾಡಿತು. ಏಪ್ರಿಲ್ 13ರಂದು ಅಂಕೋಲೆಯ ಕಡಲತಡಿಯಲ್ಲಿ ಎಂ. ಪಿ. ನಾಡಕರ್ಣಿ ಕಾಯಿದೆ ಮುರಿದರು. ಮೊದಲ ಪೊಟ್ಟಣ ಉಪ್ಪನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಲಿಲಾವಿನಲ್ಲಿ ಹಿಡಿದರು.

ಉಪ್ಪು ಕೆಲವು ದಿನಗಳ ಸಾಹಸ. ನಿಜವಾದ ಒರೆಗಲ್ಲು ಅದರ ಹಿಂದೆಯೇ ಬಂದ ಕರನಿರಾಕರಣೆ. ಅಂಕೋಲೆ, ಸಿದ್ದಾಪುರ ತಾಲ್ಲೂಕುಗಳ ರೈತರು ಭೂಕಂದಾಯ ಕೊಡೆವು ಎಂದರು. ಎತ್ತು, ಎಮ್ಮೆ, ಹಂಡೆ, ತಪ್ಪಲೆ ಜಪ್ತಿಯಾದವು. ಆಮೇಲೆ ಜಮೀನೇ ಹೋಯಿತು. 1931ರ ಗಾಂಧಿ–ಇರ್ವಿನ್ ಒಪ್ಪಂದವೂ ಆಗಲೇ ಪರರಿಗೆ ಮಾರಾಟವಾದ ಜಮೀನನ್ನು ಹಿಂದಿರುಗಿಸಲಿಲ್ಲ. 1932ರಲ್ಲಿ ಎರಡನೆಯ ಸುತ್ತು ಶುರುವಾಯಿತು, ಇನ್ನೂ ಕಠಿಣವಾಗಿ. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು, ಜಪ್ತಿಯ ಆಸ್ತಿ ಕೊಂಡವರ ಎದುರು ಉಪವಾಸ ಕೂತರು.

ಇದು ಗಾಂಧೀಜಿಯ ಆಜ್ಞೆ, ಕಾಂಗ್ರೆಸ್ಸಿನ ಸಂಘಟನೆ, ಹಳ್ಳಿಯ ಕೂಟಕ್ಕೆ ಇದರಲ್ಲಿ ಯಾವ ಪಾಲು ಎಂಬ ವಾದವೂ ಉಂಟು. ಆದರೆ 1932ರ ಜನವರಿಯಲ್ಲೇ ಕಾಂಗ್ರೆಸ್ಸನ್ನು ಸರ್ಕಾರ ನಿಷೇಧಿಸಿತ್ತು, ಮುಂದಾಳುಗಳು ಜೈಲಿನಲ್ಲಿದ್ದರು. ಆಜ್ಞೆ ಕೊಡುವವರಿಲ್ಲದಾಗಲೂ ಸೂರ್ವೆಯಂಥ ಹಳ್ಳಿಗಳು ಬಾಗಲಿಲ್ಲ. ಯಾಕೆ? ಅಂಕೋಲೆಯ ಚಳವಳಿಯಲ್ಲಿ ಮುಂದೆ ನಿಂತವರು ಬಹುಪಾಲು ನಾಡವ ಸಮುದಾಯದವರು. ಒಬ್ಬರಿಗೊಬ್ಬರು ನಂಟರು, ಗದ್ದೆಗೆ ಗದ್ದೆ ತಾಗಿದವರು, ಒಂದೇ ಬಂಡಿಹಬ್ಬಕ್ಕೆ ಕೂಡುವವರು. ಒಬ್ಬ ಗುಟ್ಟಾಗಿ ಕಂದಾಯ ಕಟ್ಟಿದರೆ ನಾಳೆ ಮಗಳ ಮದುವೆ ಚಪ್ಪರಕ್ಕೆ ಯಾರು ಬರಬೇಕು? ಕ್ವೇಕರರ ಮಾಸಿಕ ಸಭೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಂಟುತನ ಮಾಡಿತು.

ಯಾರ ನೆಲ, ಯಾರ ಒಗ್ಗಟ್ಟು

ಈ ವಾದಕ್ಕೆ ಬಲವಾದ ಎದುರು ಮಾತು ಬೇರೆಯೇ ಇದೆ. ಕೂಟದ ನೇಮ ಕೂಟದವರಿಗೆ ಸರಿ, ಹೊರಗಿನವರ ಗತಿಯೇನು? ಕ್ವೇಕರರು ಕೊಡಲಿ ಹಾಕಿದ ಕಾಡು ಲೆನಾಪೆ ಮೊದಲಾದ ಮೂಲನಿವಾಸಿಗಳದು. ಪೆನ್ ಅವರಿಂದ ಹಣ ಕೊಟ್ಟು ಕೊಂಡ, ಮಾತಿಗೆ ನಡೆದ. ಅವನ ಮಕ್ಕಳ ಕಾಲಕ್ಕೆ, 1737ರಲ್ಲಿ, ಒಂದೂವರೆ ದಿನ ನಡೆದಷ್ಟು ದೂರದ ನೆಲ ನಮ್ಮದು ಎಂಬ ಹಳೆಯ ಕಾಗದವೊಂದನ್ನು ತೋರಿಸಿ, ದಾರಿ ಸವರಿಟ್ಟು, ಬಿರುಸಾಗಿ ನಡೆಯುವವರನ್ನು ಬಾಡಿಗೆಗೆ ಹಿಡಿದು, ಲೆನಾಪೆಗಳ ನೆಲವನ್ನು ನುಂಗಿದರು. ಆ ಮೋಸದಲ್ಲಿ ಕೈಯಿದ್ದ ಜೇಮ್ಸ್ ಲೋಗನ್ ಕ್ವೇಕರನೇ. ಮರುವರ್ಷವೇ ಥಾಮಸ್ ಚಾಕ್ಲಿ ಎಂಬ ಹಿರಿಯ ಕ್ವೇಕರ್, ಹೋಪ್‌ವೆಲ್ ಕಡೆಯವರಿಗೆ ಪತ್ರ ಬರೆದು, ನೀವು ಕೂತ ನೆಲದ ಮೂಲ ಒಡೆಯರಿಗೆ ಬೆಲೆ ಕೊಟ್ಟು ತೀರಿಸಿ ಎಂದ. ಕೊಡಬೇಕಾದ ಬಾಕಿ ಇದೆಯೆಂದು ಬುದ್ಧಿ ಹೇಳುವ ದನಿ ಪಂಥದೊಳಗೇ ಇತ್ತು. ಲೋಗನ್ ಮಾತ್ರ ಅಧಿಕಾರದ ಕುರ್ಚಿಯಲ್ಲಿದ್ದ. 1763ರ ಡಿಸೆಂಬರಿನಲ್ಲಿ ಗಡಿಯ ಇತರ ವಲಸೆಗಾರರ ಗುಂಪೊಂದು, ಶಾಂತವಾಗಿ ಬಾಳಿಕೊಂಡಿದ್ದ 20 ಮಂದಿ ಕಾನೆಸ್ಟೋಗಾ ಜನರನ್ನು ಕೊಂದು, ಫಿಲಡೆಲ್ಫಿಯಾದ ಕಡೆ ದಂಡೆತ್ತಿ ಹೊರಟಿತು. ನಗರದಲ್ಲಿ ಸುಖವಾಗಿ ಕೂತ ಕ್ವೇಕರರ ಅಹಿಂಸೆಗೆ ಬೆಲೆ ತೆರುವವರು ನಾವು ಎಂಬುದು ಅವರ ದೂರು. ಕೊಲೆಗೆ ಅದು ನೆಪವಾಗದು, ಆದರೆ ದೂರಿನಲ್ಲಿ ಹುರುಳಿತ್ತು. ಆ ದಂಡನ್ನು ತಡೆಯಲು ಕ್ವೇಕರ್ ಹುಡುಗರು ಕೆಲವರು ಬಂದೂಕು ಹಿಡಿದರು. ಸಭೆಗಳು ಅವರನ್ನು ವರ್ಷಗಟ್ಟಲೆ ವಿಚಾರಿಸಿದವು. ಸಭೆಯ ನೇಮ ಸದಸ್ಯನನ್ನು ಹಿಡಿದು ನಿಲ್ಲಿಸಬಲ್ಲದು. ನಾಡನ್ನು ಆಳಲು ಅದು ಸಾಲದು.

ಒಳಗಿನ ಕಟ್ಟೂ ಕಡಿಮೆ ಬಿಗಿಯಾಗಿರಲಿಲ್ಲ. ಬೇರೆ ಪಂಥದವಳನ್ನು ಮದುವೆಯಾದ ಮಾತ್ರಕ್ಕೆ ಎಷ್ಟೋ ಜನ ಹೊರಬಿದ್ದರು. ಗುಲಾಮಗಿರಿ ಬೇಡವೆಂದ ಸಭಾಮನೆಗಳಲ್ಲೇ ಕಪ್ಪು ಜನರಿಗೆ ಬೇರೆ ಬೆಂಚು ಇಟ್ಟದ್ದುಂಟು. 1827ರಲ್ಲಿ ಪಂಥವೇ ಇಬ್ಭಾಗವಾಗಿ, ಮೌನಕ್ಕೆ ಹೆಸರಾದವರು ಸಭಾಮನೆಯ ಬೀಗದ ಕೈಗೆ ಜಗಳಾಡಿದರು.

ಅಂಕೋಲೆಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಕಂದಾಯ ಕೊಡೆನೆನ್ನಲು ಹೆಸರಿನಲ್ಲಿ ಜಮೀನಿರಬೇಕು. ಅದೇ ಜಮೀನು ಉತ್ತ ಹಾಲಕ್ಕಿಗಳು ಮತ್ತು ಇತರ ಗೇಣಿ ಒಕ್ಕಲುಗಳ ಕಷ್ಟ ಆ ಚಳವಳಿಯ ಪಟ್ಟಿಯಲ್ಲಿರಲಿಲ್ಲ. ಅದಕ್ಕೆ ದಿನಕರ ದೇಸಾಯಿ ಬೇರೆ ರೈತಕೂಟವನ್ನೇ ಕಟ್ಟಬೇಕಾಯಿತು. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಐದು ವರ್ಷ ಗಡಿಪಾರು ಮಾಡಿತು. ಒಂದು ಕೂಟ ಬಿಟ್ಟ ಬಾಕಿಯನ್ನು ಇನ್ನೊಂದು ಕೂಟ ಎತ್ತಿಕೊಂಡಿತು ಎಂದರೂ, ಎತ್ತಿಕೊಂಡದ್ದು ಕೂಟವೇ. ಒಂಟಿ ಗೇಣಿದಾರ ಒಡೆಯನ ಅಂಗಳದಲ್ಲಿ ನಿಂತು ಏನು ಗೆದ್ದಾನು?

ಬರೆದಿಟ್ಟವರು

ಎರಡು ಕತೆಗಳ ನಡುವೆ ದೊಡ್ಡ ಅಂತರವೆಂದರೆ ಕಾಗದ. ಕ್ವೇಕರರು ತಮ್ಮ ಸಂಕಟಗಳನ್ನು ಬರೆದಿಡಲೆಂದೇ ಪುಸ್ತಕ ಇಟ್ಟಿದ್ದರು. ಯಾವ ದಿನ, ಯಾವ ಅಧಿಕಾರಿ, ಯಾರ ಮನೆಯಿಂದ ಎಷ್ಟು ಬೆಲೆಯ ಹಸು ಅಥವಾ ಪಾತ್ರೆ ಒಯ್ದ, ಕೇಳಿದ ಕರ ಎಷ್ಟಿತ್ತು ಎಂಬುದನ್ನು ಮಾಸಿಕ ಸಭೆ ದಾಖಲಿಸಿ ಮೇಲಕ್ಕೆ ಕಳಿಸುತ್ತಿತ್ತು. ಬೈಗುಳವಿಲ್ಲ, ಗೋಳಿಲ್ಲ, ಬರೀ ಪಟ್ಟಿ. ಕಳೆದುಕೊಂಡವನಿಗೆ ತನ್ನ ನಷ್ಟ ಲೆಕ್ಕಕ್ಕೆ ಬಂತೆಂಬ ಧೈರ್ಯ ಅದರಿಂದ ಸಿಗುತ್ತಿತ್ತು. ಇವತ್ತು ಗಡಿಸೀಮೆಯ ಸಾಮಾನ್ಯ ರೈತನ ಮನೆಯಲ್ಲಿ ಏನೇನಿತ್ತು ಎಂದು ಚರಿತ್ರೆಕಾರ ಹೇಳಬಲ್ಲನಾದರೆ ಈ ಜಪ್ತಿ ಪಟ್ಟಿಗಳಿಗೆ ಅದರ ಋಣವಿದೆ.

ಅಂಕೋಲೆಯಲ್ಲಿ ಕಳೆದುಕೊಂಡವರಿದ್ದರು, ಲೆಕ್ಕವಿಟ್ಟದ್ದು ಮಾತ್ರ ಬಹುಮಟ್ಟಿಗೆ ಕಿತ್ತುಕೊಂಡವರು: ಮಾಮಲೇದಾರರ ಕಚೇರಿಯ ಪಂಚನಾಮೆ, ಲಿಲಾವಿನ ನೋಟೀಸು. 1938ರಲ್ಲಿ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಕಾನೂನು ತಂದು ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸಲು ದಾರಿ ಮಾಡಿತು. ಎತ್ತಿಗೆ, ಹಂಡೆಗೆ ಅಂಥ ಕಾನೂನು ಇರಲಿಲ್ಲ. ಆ ದಿನಗಳನ್ನು ಕಂಡವರು ಈಗ ಉಳಿದಿಲ್ಲವೆಂದೇ ಹೇಳಬೇಕು. ಅಂಕೋಲೆ, ಕಾರವಾರ, ಸಿದ್ದಾಪುರದ ಹಳೆಯ ಮನೆಗಳ ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಹೆಸರಿನ ಜಪ್ತಿ ನೋಟೀಸೋ ಲಿಲಾವಿನ ಚೀಟಿಯೋ ಇದ್ದರೆ, ಈ ಮಳೆಗಾಲಕ್ಕೆ ಗೆದ್ದಲು ಹತ್ತುವ ಮೊದಲು ಕೆಳಗಿಳಿಸಿ. ಒಂದು ಫೋಟೊ ತೆಗೆಯಿರಿ, ಏನು ಹೋಯಿತು, ಯಾವ ವರ್ಷ ಹೋಯಿತು ಎಂದು ಹಿಂದೆ ಬರೆಯಿರಿ, ಊರಿನ ಶಾಲೆಗೋ ವಾಚನಾಲಯಕ್ಕೋ ಒಂದು ಪ್ರತಿ ಕೊಡಿ. ತೋಡೂರಿನ ಕಾಲೊನಿಯವರು ಬಿಟ್ಟುಬಂದ ಮನೆ, ಮರ, ಬಾವಿಗಳ ಪಟ್ಟಿಯನ್ನೂ ಹಾಗೆಯೇ ಬರೆದಿಡಬಹುದು. ಅದನ್ನು ಹೇಳಬಲ್ಲ ಹಿರಿಯರು ಅಲ್ಲಿ ಇನ್ನೂ ಇದ್ದಾರೆ.